ನೀರು ನಿಂತ ಗದ್ದೆಯಲ್ಲಿ ಪೈರು ಬಾಡುವುದೇಕೆ?

ಬೇಸಗೆ ಬಲಿಯುತ್ತಿದ್ದಂತೆ ಉಡುಪಿಯ ಸ್ವರ್ಣಾ, ಸೀತಾ ನದಿಗಳ ಅಳಿವೆಯ ಸುತ್ತಲಿನ ಬೈಲು ಗದ್ದೆಗಳ ಕೃಷಿಕರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಬುಡದಲ್ಲಿ ನೀರು ನಿಂತಿದ್ದರೂ ಕೊಳಕೆಯ, ಅಂದರೆ ಬೇಸಗೆಯ ಭತ್ತದ ಬೆಳೆಯ, ಪೈರಿನ ಎಲೆ ಸುರುಟಿಕೊಳ್ಳುವುದೇಕೆ? ಬೇರು ಕೊಳೆತಿರಬೇಕೆಂದು ಭಾವಿಸಿ ಔಷಧಿ ಸಿಂಪಡಿಸಿದ ಬಳಿಕವೇ ಹಲವರು ಸಲಹೆಗೆ ಬರುತ್ತಾರೆ. ಅಂಥ ಕಡೆ ರೋಗವನ್ನು ಹುಡುಕುವ ಮೊದಲು ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂಬುದನ್ನು ಅಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಸ್ಯಕೋಶದೊಳಗಿನ ರಸದಾನಿಯಲ್ಲಿ ಸಕ್ಕರೆ, ಪೊಟ್ಯಾಸಿಯಂ, ಸಾವಯವ ಆಮ್ಲಗಳು ಕರಗಿರುತ್ತವೆ. ಕೋಶಪೊರೆಯು ನೀರನ್ನು ಸುಲಭವಾಗಿ ಹಾಯಗೊಟ್ಟು, ಕರಗಿದ ವಸ್ತುಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ದ್ರಾವಣ ತೆಳುವಾಗಿರುವ ಕಡೆಯಿಂದ ಸಾಂದ್ರವಾಗಿರುವ ಕಡೆಗೆ ನೀರು ಹರಿಯುತ್ತದೆ. ಇದೇ ಅಭಿಸರಣೆ. ಹೊರಗಿನ ನೀರು ಕೋಶರಸಕ್ಕಿಂತ ತೆಳುವಾಗಿದ್ದರೆ, ಅಂದರೆ ಹೈಪೋಟಾನಿಕ್ ಆಗಿದ್ದರೆ, ನೀರು ಒಳನುಗ್ಗಿ ಕೋಶ ಉಬ್ಬುತ್ತದೆ. ರಕ್ತಕಣವಾದರೆ ಒಡೆದೇ ಹೋಗುವ ಈ ಸ್ಥಿತಿಯಲ್ಲಿ ಸಸ್ಯಕೋಶವನ್ನು ಅದರ ಗಟ್ಟಿ ಕೋಶಭಿತ್ತಿ ಕಾಯುತ್ತದೆ. ಹೀಗೆ ಒಳಗೆ ಏರುವ ಒತ್ತಡ ಸಾಮಾನ್ಯವಾಗಿ 5ರಿಂದ 10 ಬಾರ್‌ನಷ್ಟಿರುತ್ತದೆ. ಕಾರಿನ ಚಕ್ರದಲ್ಲಿ ನಾವು ತುಂಬುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ, ಮರದಂತಹ ಗಟ್ಟಿ ಕಾಂಡವಿಲ್ಲದ ಎಳೆಯ ಪೈರು ಹೇಗೆ ನೆಟ್ಟಗೆ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ.

ಒಳಗೂ ಹೊರಗೂ ಸಾಂದ್ರತೆ ಸಮವಾದರೆ, ಅಂದರೆ ಐಸೋಟಾನಿಕ್ ಸ್ಥಿತಿಯಲ್ಲಿ, ಈ ಬಿಗುವು ಹೋಗುತ್ತದೆ. ಹೊರಗಿನ ದ್ರಾವಣ ಹೈಪರ್‌ಟಾನಿಕ್ ಆದರೆ ನೀರು ಕೋಶದಿಂದ ಹೊರಬರುತ್ತದೆ ಮತ್ತು ಪೊರೆಯು ಭಿತ್ತಿಯಿಂದ ಕಳಚಿಕೊಂಡು ಒಳಕ್ಕೆ ಕುಗ್ಗುತ್ತದೆ. ಇದನ್ನು ಪ್ಲಾಸ್ಮೋಲೈಸಿಸ್ ಎನ್ನುತ್ತಾರೆ. ಉಪ್ಪು ಬೆರೆಸಿಟ್ಟ ಮಾವಿನ ಮಿಡಿ ತನ್ನ ನೀರನ್ನೆಲ್ಲ ಭರಣಿಯೊಳಗೆ ಬಿಟ್ಟು ಸುಕ್ಕುಗಟ್ಟುವುದಕ್ಕೂ ಅಭಿಸರಣೆಯೇ ಕಾರಣ. ಗದ್ದೆಯಲ್ಲಿ ಪೈರು ಬಾಡಲು ಪ್ಲಾಸ್ಮೋಲೈಸಿಸ್‌ವರೆಗೆ ಹೋಗಬೇಕೆಂದಿಲ್ಲ. ಹೊರಗಿನ ಉಪ್ಪು ಹೆಚ್ಚಿದಷ್ಟೂ ಬೇರು ನೀರನ್ನು ಸೆಳೆಯುವ ಬಲ ಕುಂದುತ್ತದೆ, ಎಲೆಯಿಂದ ಆವಿಯಾಗಿ ಹೋಗುವ ನೀರು ಮಾತ್ರ ನಿಲ್ಲುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಎಲೆ ಸುರುಟುತ್ತದೆ. ಬೇಗನೆ ಸಿಹಿನೀರು ಹಾಯಿಸಿದರೆ ಪೈರು ಚೇತರಿಸಿಕೊಳ್ಳಬಹುದು. ತಡವಾದರೆ ಸೋಡಿಯಂ ಮತ್ತು ಕ್ಲೋರೈಡ್ ಎಲೆಯಲ್ಲಿ ಸಂಗ್ರಹವಾಗಿ ತುದಿಯಿಂದ ಸುಟ್ಟಂತಾಗುತ್ತದೆ, ಆ ಹಾನಿ ಮರಳದು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದು, ಅದರ ಅಭಿಸರಣ ಒತ್ತಡ, ಅಂದರೆ ಪೊರೆಯ ಮೂಲಕ ನೀರನ್ನು ತನ್ನತ್ತ ಸೆಳೆಯುವ ಬಲ, 25 ಬಾರ್‌ನ ಆಸುಪಾಸಿನಲ್ಲಿದೆ. ಸಿಹಿನೀರಿಗೆ ಅದರ ಹತ್ತನೇ ಒಂದು ಪಾಲು ಬೆರೆತರೂ, ಕರಗಿದ ಉಪ್ಪು ಹೆಚ್ಚಿದಂತೆ ಏರುವ ವಿದ್ಯುತ್ ವಾಹಕತೆ ಮೀಟರಿಗೆ 5 ಡೆಸಿಸೀಮೆನ್ಸ್ ಮೀರುತ್ತದೆ. ಭತ್ತದ ಇಳುವರಿಯಾದರೋ ಮಣ್ಣಿನ ವಾಹಕತೆ 3 ದಾಟುತ್ತಿದ್ದಂತೆಯೇ ಇಳಿಯತೊಡಗುತ್ತದೆ. ಸಸಿಯ ಹಂತದಲ್ಲಿ ಮತ್ತು ಹೂ ಬಿಡುವ ಹೊತ್ತಿನಲ್ಲಿ ಪೈರು ಉಪ್ಪಿಗೆ ಹೆಚ್ಚು ಸೂಕ್ಷ್ಮ.

ನದಿಯಿಂದ ಪಂಪ್ ಮಾಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಉಪ್ಪುನೀರು ಭಾರವಾದ್ದರಿಂದ ಭರತದ ಹೊತ್ತಿನಲ್ಲಿ ಅದು ಸಿಹಿನೀರಿನ ಅಡಿಯಲ್ಲಿ ಒಳನಾಡಿನತ್ತ ಸರಿಯುತ್ತದೆ. ಮೇಲಿನ ನೀರನ್ನು ಬೊಗಸೆಯಲ್ಲಿ ಹಿಡಿದು ರುಚಿ ನೋಡಿ ಸಿಹಿಯೆಂದು ತೀರ್ಮಾನಿಸಿದರೂ, ತಳದಲ್ಲಿರುವ ಫುಟ್‌ವಾಲ್ವ್ (ಪಂಪಿನ ಕೊಳವೆಯ ಕೆಳತುದಿಯ ಕವಾಟ) ಎಳೆಯುವುದು ಉಪ್ಪುನೀರನ್ನೇ ಆಗಿರಬಹುದು. ಆದ್ದರಿಂದ ಫುಟ್‌ವಾಲ್ವ್ ಇರುವ ಆಳದ ನೀರನ್ನೇ ಅಳೆಯಬೇಕು, ಇಳಿತದಲ್ಲಿ ಪಂಪ್ ಮಾಡಬೇಕು. ಉಪ್ಪುನೀರು ಮೇಲೇರದಂತೆ ತಡೆಯಲು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ಹೊಳೆಯ ಹರಿವು ಸಣ್ಣದಾಗುವವರೆಗೆ ಮುಂದೂಡುವುದು ನನಗೆ ಕಂಡಂತೆ ಬಹಳ ದುಬಾರಿಯಾದ ಉದಾಸೀನ.

ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಕರಾವಳಿಯಲ್ಲಿದೆ. ತೆಂಗಿಗೆ ಕ್ಲೋರೈಡ್ ಬೇಕು, ಉಪ್ಪನ್ನು ತಾಳುವ ಶಕ್ತಿಯೂ ಅದಕ್ಕಿದೆ. ಅದನ್ನು ನೋಡಿ ಅಡಿಕೆಗಾಗಲಿ ಶಂಕರಪುರದ ಮಲ್ಲಿಗೆ ಗಿಡಕ್ಕಾಗಲಿ ಉಪ್ಪು ಹಾಕಬಾರದು. ರಸಗೊಬ್ಬರವೂ ನೀರಿನಲ್ಲಿ ಕರಗಿದಾಗ ಬೇರಿನ ಪಾಲಿಗೆ ಲವಣವೇ. ಒಣಮಣ್ಣಿನಲ್ಲಿ ಬುಡಕ್ಕೆ ತಾಗಿಸಿ ಹಿಡಿಗಟ್ಟಲೆ ಸುರಿದರೆ ಅದು ಬೇರಿನಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಗೊಬ್ಬರವನ್ನು ಕಂತುಗಳಲ್ಲಿ, ಹಸಿ ಮಣ್ಣಿಗೆ, ಬುಡದಿಂದ ದೂರದಲ್ಲಿ ಹಾಕಬೇಕು. ಭತ್ತದ ಎಲೆಗೆ ಯೂರಿಯಾ ಸಿಂಪಡಿಸುವುದಾದರೆ ಲೀಟರಿಗೆ 20 ಗ್ರಾಂ ಮೀರದಂತೆ, ಬೆಳಗ್ಗೆ ಅಥವಾ ಸಂಜೆಯ ತಂಪಿನಲ್ಲಿ ಸಿಂಪಡಿಸಬೇಕು.