ಸ್ಕಾಲರ್‌ಶಿಪ್ ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ

ಕಾಲೇಜಿನ ಸ್ಕಾಲರ್‌ಶಿಪ್ ಸೆಕ್ಷನ್‌ನಲ್ಲಿ ಕೂತವರಿಗೆ ದುಡ್ಡು ಬಿಡುಗಡೆಯಾಗುವ ಸಮಯದಲ್ಲಿ ಒಂದೇ ಪ್ರಶ್ನೆ. "ಸರ್, ನನ್ನ ಫ್ರೆಂಡಿಗೆ ಬಂತು, ನನಗ್ಯಾಕೆ ಬಂದಿಲ್ಲ?" ಇಬ್ಬರದೂ ಒಂದೇ ಕ್ಲಾಸು, ಒಂದೇ ಕೆಟಗರಿ, ಅರ್ಜಿ ಹಾಕಿದ್ದೂ ಒಂದೇ ಸೈಬರ್ ಸೆಂಟರ್‌ನಲ್ಲಿ. ಮಧ್ಯದಲ್ಲಿ ಯಾರೋ ತಿಂದುಹಾಕಿದರು ಅಂತ ಮನೆಯವರಿಗೆ ಅನುಮಾನ. ಬಹಳಷ್ಟು ಸಲ ಹಾಗೇನೂ ಆಗಿರುವುದಿಲ್ಲ. ದುಡ್ಡು ಹೋಗಿರುತ್ತದೆ, ನೀವು ಎಂಟ್ರಿ ಹಾಕಿಸುತ್ತಿರುವ ಪಾಸ್‌ಬುಕ್ಕಿಗೆ ಹೋಗಿರುವುದಿಲ್ಲ, ಅಷ್ಟೆ.

ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದವರು ಒಂದು ವಿಷಯ ಗಮನಿಸಿರಬಹುದು. ಅಲ್ಲಿ ದುಡ್ಡು ಹೋಗುವುದು ಆಧಾರ್ ನಂಬರಿಗೆ, ಅಕೌಂಟ್ ನಂಬರಿಗಲ್ಲ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನುವ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಇರುತ್ತದೆ, ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕು. ನಿಮಗೆ ಮೂರು ಅಕೌಂಟ್ ಇದ್ದು, ಮೂರಕ್ಕೂ ಆಧಾರ್ ಜೆರಾಕ್ಸ್ ಕೊಟ್ಟಿದ್ದರೂ ಸರ್ಕಾರದ ದುಡ್ಡು ಬೀಳುವುದು ಆ ಪಟ್ಟಿಯಲ್ಲಿರುವ ಒಂದಕ್ಕೆ ಮಾತ್ರ.

ಗೊಂದಲ ಶುರುವಾಗುವುದೇ ಇಲ್ಲಿ. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಆಗಿದೆಯಾ" ಅಂದರೆ ಕೌಂಟರಿನವರು ಸ್ಕ್ರೀನ್ ನೋಡಿ ಆಗಿದೆ ಅನ್ನುತ್ತಾರೆ. ಸುಳ್ಳೇನಲ್ಲ, ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಲಿಂಕ್ ಆಗಿರುತ್ತದೆ. ಆದರೆ ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬೀಳುವುದಕ್ಕೆ, ಬೇಕಾದ ಸೀಡಿಂಗ್ (ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು) ಬೇರೆ, ಅದಕ್ಕೆ ಬೇರೆ ಒಪ್ಪಿಗೆ ಫಾರಂ ಕೊಡಬೇಕು. ಆದ್ದರಿಂದ ಕೇಳುವಾಗಲೇ "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ" ಅಂತ ಕೇಳಿ. ಅದಕ್ಕಿಂತ ಸುಲಭ, ಮೈಆಧಾರ್ ವೆಬ್‌ಸೈಟಿಗೆ ಓಟಿಪಿ ಹಾಕಿ ಒಳಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಯಾವ ಬ್ಯಾಂಕು, ಆಕ್ಟಿವ್ ಇದೆಯೋ ಇಲ್ಲವೋ, ಎರಡೂ ಅಲ್ಲೇ ಕಾಣುತ್ತದೆ. ಎಷ್ಟೋ ಹುಡುಗರು ಅದನ್ನು ನೋಡಿ "ಈ ಬ್ಯಾಂಕಲ್ಲಿ ನನ್ನ ಅಕೌಂಟೇ ಇಲ್ವಲ್ಲ ಸರ್" ಅನ್ನುತ್ತಾರೆ. ಕೆದಕಿದರೆ, ಎಂದೋ ಮೊಬೈಲಲ್ಲಿ ಆಫರ್ ನೋಡಿ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಯೋ, ಹೈಸ್ಕೂಲಿನಲ್ಲಿ ಅಪ್ಪ ಮಾಡಿಸಿದ ಜೀರೋ ಬ್ಯಾಲೆನ್ಸ್ ಖಾತೆಯೋ ಸಿಗುತ್ತದೆ.

ಎರಡನೇ ತಲೆನೋವು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಕೊನೆಗೆ, ಆಧಾರಿನಲ್ಲಿ ಮೊದಲಿಗೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ನಮಗೆ ನಿಮಗೆ ಅದು ಒಂದೇ ಹೆಸರು, ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಇದನ್ನು ಪೋರ್ಟಲ್ ತೆರೆದ ಮೇಲೆ ಸರಿ ಮಾಡಿಸಲು ಹೊರಟರೆ ಆಧಾರ್ ಕೇಂದ್ರ, ನಾಡಕಚೇರಿ, ಕಾಲೇಜು ಅಂತ ಸುತ್ತುವುದರಲ್ಲೇ ಕೊನೆಯ ದಿನ ಬಂದಿರುತ್ತದೆ. ಪಿಯುಸಿ ರಜೆಯಲ್ಲೇ ಮುಗಿಸಿಕೊಂಡರೆ ಒಳ್ಳೆಯದು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ, ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರಬಹುದು, ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಹಾಕುವ ಮುಂಚೆ ತಾರೀಖು ನೋಡಿಕೊಳ್ಳಿ.

ಪರಿಶಿಷ್ಟ ಜಾತಿ ಮಕ್ಕಳ ಪೋಸ್ಟ್ ಮೆಟ್ರಿಕ್ (ಎಸ್‌ಎಸ್‌ಎಲ್‌ಸಿ ನಂತರದ ಓದಿನ) ಸ್ಕಾಲರ್‌ಶಿಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದರ ಖರ್ಚು ಕೇಂದ್ರ 60, ರಾಜ್ಯ 40 ಪಾಲಿನಂತೆ ಹಂಚಿಕೆಯಾಗುತ್ತದೆ, ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ಮೀರಬಾರದು. ಎರಡು ಪಾಲೂ ಒಂದೇ ದಿನ ಬರಬೇಕೆಂದೇನಿಲ್ಲ, ಆದ್ದರಿಂದ ಕಡಿಮೆ ಬಂದಿದೆ ಅಂತ ತಕ್ಷಣ ಗಾಬರಿಯಾಗಬೇಡಿ. ಇನ್ನೊಂದು ಮಾತು, ಹೀಗೆ ಬಂದ ದುಡ್ಡಿನಲ್ಲಿ ಕಾಲೇಜಿನ ಫೀಸೂ ಸೇರಿರುತ್ತದೆ. ಖಾತೆಗೆ ಬಿದ್ದಿದ್ದೆಲ್ಲ ನಮ್ಮದೇ ಅಂತ ಫೋನ್ ಕೊಂಡ ಹುಡುಗ, ಹಾಲ್ ಟಿಕೆಟ್ ಹೊತ್ತಿಗೆ ಫೀಸ್ ಬಾಕಿ ಅಂದಾಗ ಒದ್ದಾಡುತ್ತಾನೆ. ಹುಡುಗನನ್ನು ಬೈಯುವುದು ಸುಲಭ, ಆದರೆ ಇದನ್ನು ಅಡ್ಮಿಷನ್ ದಿನವೇ ಬಿಡಿಸಿ ಹೇಳುವ ಕೆಲಸ ಕಾಲೇಜಿನದು ಅಂತಲೇ ನನ್ನ ಅಭಿಪ್ರಾಯ.

ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ, ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿಗೆ ಜಮೀನು ಇರುವವರ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು. ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದು, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿಯ ಯೋಜನೆ ಇದೆ. ಹೆಚ್ಚಿನವರು ಆ ಕಡೆ ನೋಡುವುದೇ ಇಲ್ಲ.

ಈಗಾಗಲೇ ಪಾವತಿ ಫೇಲ್ ಆಗಿದ್ದರೆ? ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ತಾರೀಖು, ಯಾವ ಬ್ಯಾಂಕಿಗೆ ಹೋಗಿತ್ತು ಅಂತ ನೋಡಿ. ಮೊದಲು ಸೀಡಿಂಗ್ ಸರಿ ಮಾಡಿಸಿ, ಆಕ್ಟಿವ್ ಅಂತ ಕಂಡ ಮೇಲೆ ಆ ಪುಟ ಪ್ರಿಂಟ್ ತೆಗೆದು, ಅರ್ಜಿಯ ಪ್ರತಿ ಜೊತೆಗಿಟ್ಟು, ನಿಮ್ಮ ಸ್ಕಾಲರ್‌ಶಿಪ್ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಕೊಡಿ. ಸಮಾಜ ಕಲ್ಯಾಣವೋ, ಹಿಂದುಳಿದ ವರ್ಗಗಳ ಕಲ್ಯಾಣವೋ ಅಂತ ಸರಿಯಾಗಿ ತಿಳಿದುಕೊಂಡೇ ಹೋಗಿ, ಒಬ್ಬರ ಕಡತ ಇನ್ನೊಬ್ಬರ ಹತ್ತಿರ ಇರುವುದಿಲ್ಲ. ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಪ್ರತಿಯನ್ನು ಮರೆಯದೆ ವಾಪಸ್ ತಗೊಳ್ಳಿ.