ಹವಳದ ಹಾವಿನಂತೆಯೇ ಕಾಣುವ ಹಾವು ಬೇರೆ ಕುಟುಂಬಕ್ಕೆ ಸೇರುವುದೇಕೆ?

ಪ್ರಶ್ನೆ: ಕೆಂಪು, ಹಳದಿ, ಕಪ್ಪು ಉಂಗುರಗಳ ವಿಷಕಾರಿ ಹವಳದ ಹಾವಿಗೂ ಅದನ್ನು ಅನುಕರಿಸುವ ಹಾವಿಗೂ ಮೇಲ್ನೋಟಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹೀಗಿದ್ದೂ ಅವನ್ನು ಒಂದೇ ಗುಂಪಿಗೆ ಸೇರಿಸದಿರುವುದೇಕೆ? ಉಂಗುರಗಳ ಬಣ್ಣದ ಕ್ರಮವನ್ನು ನೋಡಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಬಹುದಲ್ಲವೇ?

ಉತ್ತರ: ಪ್ರಶ್ನೆಯ ಮೊದಲರ್ಧಕ್ಕೆ ಎಷ್ಟು ಸಲ ಉತ್ತರಿಸಲೂ ನನಗೆ ಬೇಸರವಿಲ್ಲ. ಎರಡನೆಯ ಅರ್ಧವನ್ನು ಕಂಡಾಗ ಮಾತ್ರ ತಾಳ್ಮೆ ತಪ್ಪುತ್ತದೆ.

ವರ್ಗೀಕರಣವು ಕೇಳುವುದು ವಂಶವನ್ನು, ವೇಷವನ್ನಲ್ಲ. ಅಮೆರಿಕ ಖಂಡಗಳ ಹವಳದ ಹಾವುಗಳಲ್ಲಿ ಬಹುಪಾಲು ಮೈಕ್ರೂರಸ್ ಜಾತಿಯವು. ಸುಮಾರು 80 ಪ್ರಭೇದಗಳಿರುವ ಈ ಜಾತಿಯು ನಾಗರಹಾವು, ಕಟ್ಟುಹಾವುಗಳಿರುವ ಎಲಾಪಿಡೇ ಕುಟುಂಬಕ್ಕೆ ಸೇರಿದೆ. ಮೇಲ್ದವಡೆಯ ಮುಂಭಾಗದಲ್ಲಿ ಮಡಚಲಾಗದ ವಿಷದಂತ ಇವುಗಳ ಗುರುತು. ಹಾಲುಹಾವು, ಕಡುಗೆಂಪು ರಾಜಹಾವು ಮುಂತಾದ ಲ್ಯಾಂಪ್ರೊಪೆಲ್ಟಿಸ್ ಜಾತಿಯ ಅನುಕಾರಿಗಳಿಗೆ ವಿಷದಂತವೇ ಇಲ್ಲ. ಅವು ಕೇರೆಹಾವಿನಂತೆ ಕೊಲುಬ್ರಿಡೇ ಕುಟುಂಬದವು. ದಕ್ಷಿಣ ಅಮೆರಿಕದ ಎರಿತ್ರೊಲ್ಯಾಂಪ್ರಸ್ ಎಸ್ಕುಲೇಪಿಯೈ ಹಾವಿಗೆ ದವಡೆಯ ಹಿಂಭಾಗದಲ್ಲಿ ವಿಷದ ಹಲ್ಲುಗಳಿವೆ. ಅಮೆಜಾನ್ ಪ್ರದೇಶದ ಅನಿಲಿಯಸ್ ಸೈಟೇಲ್ ಅಂತೂ ಸೊಂಟದ ಮೂಳೆಯ ಅವಶೇಷವನ್ನು ಇಂದಿಗೂ ಉಳಿಸಿಕೊಂಡಿರುವ, ತನ್ನದೇ ಕುಟುಂಬದಲ್ಲಿ ಒಂಟಿಯಾಗಿ ನಿಂತ ಹಾವು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ಜನ ಇಂಥವನ್ನೆಲ್ಲ ‘ಫಾಲ್ಸಾ ಕೋರಲ್’ ಎಂದೇ ಕರೆಯುತ್ತಾರೆ. ಅದು ವೇಷದ ಹೆಸರೇ ಹೊರತು ಬಳಗದ ಹೆಸರಲ್ಲ.

ಇನ್ನು ಆ ಹಠಮಾರಿ ನಂಬಿಕೆಗೆ ಬರೋಣ. ‘ಕೆಂಪು ಹಳದಿಗೆ ತಾಗಿದರೆ ಸಾವು, ಕೆಂಪು ಕಪ್ಪಿಗೆ ತಾಗಿದರೆ ಬಚಾವು’ ಎಂಬ ಅರ್ಥದ ಪ್ರಾಸವೊಂದು ಇಂಗ್ಲಿಷಿನಲ್ಲಿ ಇದೆ. ಅದು ಹುಟ್ಟಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ; ಅಲ್ಲಿನ ಬೆರಳೆಣಿಕೆಯ ಪ್ರಭೇದಗಳಿಗೆ ಅದು ಸಾಮಾನ್ಯವಾಗಿ ಹೊಂದಿಕೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಗಡಿ ದಾಟಿ ದಕ್ಷಿಣಕ್ಕೆ ಹೋದವನು ಅದನ್ನೇ ನಂಬಿದರೆ ಜೀವಕ್ಕೇ ಸಂಚಕಾರ. ದಕ್ಷಿಣ ಅಮೆರಿಕದ ಮೈಕ್ರೂರಸ್ ಲೆಮ್ನಿಸ್ಕೇಟಸ್, ಮೈಕ್ರೂರಸ್ ಸುರಿನಾಮೆನ್ಸಿಸ್ ಮೊದಲಾದವುಗಳಲ್ಲಿ ಎರಡು ಕೆಂಪು ಉಂಗುರಗಳ ನಡುವೆ ಮೂರು ಕಪ್ಪು ಉಂಗುರಗಳಿದ್ದು, ಆ ಕಪ್ಪಿನ ನಡುನಡುವೆ ಮಾತ್ರ ಬಿಳಿ ಅಥವಾ ಹಳದಿ ಇರುತ್ತದೆ. ಅಂದರೆ ಕೆಂಪು ತಾಗುವುದು ಕಪ್ಪಿಗೆ, ಪ್ರಾಸದ ಲೆಕ್ಕದಲ್ಲಿ ಇವು ಬಚಾವಿನ ಹಾವುಗಳು, ವಾಸ್ತವದಲ್ಲಿ ಘೋರ ವಿಷದವು. ಮೈಕ್ರೂರಸ್ ಮಿಪಾರ್ಟೈಟಸ್‌ನಲ್ಲಿ ಕೆಂಪು ತಲೆ ಮತ್ತು ಬಾಲಗಳಿಗಷ್ಟೇ ಸೀಮಿತವಾಗಿರುವುದರಿಂದ ಅಲ್ಲಿ ಪ್ರಾಸಕ್ಕೆ ಕೆಲಸವೇ ಇಲ್ಲ. ಪ್ರಾಸದ ತವರಿನಲ್ಲಾದರೂ ಎಲ್ಲವೂ ಸರಿಯೇ? ಸೊನೊರಾ ಮರುಭೂಮಿಯ ಸಲಿಕೆಮೂಗಿನ ಪುಟ್ಟ ಹಾವಿನ ಮೈಮೇಲೆ ಕೆಂಪು ಹಳದಿಗೇ ತಾಗಿಕೊಂಡಿದೆ, ಆದರೆ ಅದು ಮನುಷ್ಯನಿಗೆ ಏನೂ ಮಾಡದು. ಜೊತೆಗೆ ಹಳದಿಯಿಲ್ಲದ, ಕೆಂಪಿಲ್ಲದ, ಇಡಿಯಾಗಿ ಕಪ್ಪಾದ ಹವಳದ ಹಾವುಗಳೂ ಅಪರೂಪಕ್ಕೆ ಹುಟ್ಟುತ್ತವೆ. ಬಾಯಿಪಾಠಕ್ಕೆ ಸುಲಭವಾಗಿರುವುದೇ ಈ ಪ್ರಾಸದ ಏಕೈಕ ಗುಣ. ಹಾವನ್ನು ಗುರುತಿಸಲು ಹಲ್ಲು, ಹುರುಪೆಗಳ ಜೋಡಣೆ ಮತ್ತು ಆ ಪ್ರದೇಶದಲ್ಲಿ ಯಾವ ಪ್ರಭೇದಗಳಿವೆ ಎಂಬ ತಿಳಿವಳಿಕೆ ಬೇಕು. ಇವು ಗೊತ್ತಿಲ್ಲದವರು ದೂರ ನಿಲ್ಲಬೇಕು, ಅಷ್ಟೇ.

ಬಣ್ಣವನ್ನು ನಂಬಿ ಮೋಸಹೋದವರಲ್ಲಿ ಪಂಡಿತರೂ ಇದ್ದಾರೆ. ಹವಳದ ಹಾವುಗಳನ್ನು ಬಹುಕಾಲ ‘ಎಲಾಪ್ಸ್’ ಎಂಬ ಜಾತಿಯಲ್ಲಿ ಇರಿಸಲಾಗಿತ್ತು. ಎಲಾಪಿಡೇ ಎಂಬ ಕುಟುಂಬದ ಹೆಸರು ಬಂದದ್ದೂ ಅದರಿಂದಲೇ. ನಾಮಕರಣದ ನಿಯಮದಂತೆ ಆ ಜಾತಿನಾಮ ಸಲ್ಲಬೇಕಾದದ್ದು ದಕ್ಷಿಣ ಆಫ್ರಿಕದ ಬಣ್ಣಬಣ್ಣದ ಸಣ್ಣ ಹಾವೊಂದಕ್ಕೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಇಂದು ಹೊಮೊರೊಸೆಲಾಪ್ಸ್ ಎಂದು ಕರೆಯಲಾಗುವ ಆ ಹಾವು ಎಲಾಪಿಡೇ ಕುಟುಂಬದಲ್ಲೇ ಇಲ್ಲ! ಕುಟುಂಬಕ್ಕೆ ಹೆಸರು ಕೊಟ್ಟ ಹಿರಿಯನೇ ಮನೆಯಿಂದ ಹೊರಗೆ. 1838ರಲ್ಲಿ ಅಮೆರಿಕದ ಸರೀಸೃಪತಜ್ಞ ಹೋಲ್‌ಬ್ರೂಕ್ ಕಡುಗೆಂಪು ರಾಜಹಾವಿಗೆ ‘ಎಲಾಪ್ಸ್‌ನಂಥದು’ ಎಂಬ ಅರ್ಥದಲ್ಲಿ ಇಟ್ಟ ‘ಎಲಾಪ್ಸಾಯ್ಡೆಸ್’ ಎಂಬ ಪ್ರಭೇದನಾಮ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ. ಅದನ್ನು ಬಹುಕಾಲ ಹಾಲುಹಾವಿನ ಉಪಪ್ರಭೇದವೆಂದು ಎಣಿಸಲಾಗುತ್ತಿತ್ತು; ಡಿಎನ್‌ಎ ಆಧಾರದ ಮೇಲೆ 2014ರಲ್ಲಿ ಹಾಲುಹಾವನ್ನು ಏಳು ಪ್ರಭೇದಗಳಾಗಿ ಒಡೆದಾಗ ಅದೂ ಪ್ರತ್ಯೇಕ ಪ್ರಭೇದವಾಗಿ ನಿಂತಿತು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಅನುಕರಿಸುತ್ತಿರುವುದು ಯಾರು, ಯಾರನ್ನು? ಹವಳದ ಹಾವು ಕಚ್ಚಿದರೆ ಬೇಟೆಗಾರ ಪ್ರಾಣಿ ಸತ್ತೇಹೋಗುತ್ತದೆ, ಸತ್ತ ಪ್ರಾಣಿ ಪಾಠ ಕಲಿಯುವುದಿಲ್ಲ. ಆದ್ದರಿಂದ ಸೌಮ್ಯ ವಿಷದ ಹಾವುಗಳೇ ಮೂಲವಿರಬೇಕು ಎಂಬುದು ಜರ್ಮನಿಯ ಸರೀಸೃಪತಜ್ಞ ರಾಬರ್ಟ್ ಮೆರ್ಟೆನ್ಸ್ ಅವರ ವಾದಕ್ಕೆ ತಳಹದಿ. ಚತುರ ವಾದವೇ ಸರಿ. ಆದರೆ 1975ರಲ್ಲಿ ಸೂಸನ್ ಸ್ಮಿತ್ ಅವರು, ಹಾವನ್ನೇ ಕಾಣದಂತೆ ಕೈಯಲ್ಲಿ ಸಾಕಿದ ಮೊಟ್‌ಮೊಟ್ ಹಕ್ಕಿಗಳ ಮುಂದೆ ಬಣ್ಣ ಬಳಿದ ಮರದ ಕಡ್ಡಿಗಳನ್ನು ಇಟ್ಟು ನೋಡಿದರು. ಹಸಿರು–ನೀಲಿ ಉಂಗುರಗಳ ಕಡ್ಡಿಯನ್ನು ಕುಕ್ಕಿದ ಹಕ್ಕಿಗಳು ಕೆಂಪು–ಹಳದಿ ಉಂಗುರಗಳದ್ದರಿಂದ ದೂರ ಸರಿದವು. ಭಯ ಹುಟ್ಟಿನಿಂದಲೇ ಬಂದಿದ್ದರೆ ಯಾವ ಹಕ್ಕಿಯೂ ಕಚ್ಚಿಸಿಕೊಂಡು ಕಲಿಯಬೇಕಿಲ್ಲ, ಮೆರ್ಟೆನ್ಸ್ ಅವರ ತೊಡಕೂ ಉಳಿಯುವುದಿಲ್ಲ. ಹವಳದ ಹಾವುಗಳೇ ಮೂಲವೆಂಬುದಕ್ಕೆ ಹಾಲುಹಾವು ಕೂಡ ತನ್ನದೇ ರೀತಿಯಲ್ಲಿ ಸಾಕ್ಷಿ ನುಡಿಯುತ್ತದೆ: ಹವಳದ ಹಾವುಗಳು ಇಲ್ಲದ ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ಅದರ ಮೈಮೇಲೆ ಆ ಉಂಗುರಗಳಿಲ್ಲ, ಬೂದು ಬಣ್ಣದ ಮೇಲೆ ಕಂದು ಮಚ್ಚೆಗಳಷ್ಟೇ ಇವೆ.