ರಿಂಗ್ ಫಿಕ್ಸೇಟರ್ ಅಂದರೇನು?

ಗುಂಡೋ ಬಾಂಬಿನ ಚೂರೋ ಹೊಕ್ಕ ಕಾಲಿನಲ್ಲಿ ಮೂಳೆ ಎಷ್ಟೋ ಸಲ ಪುಡಿಪುಡಿಯಾಗಿರುತ್ತದೆ, ಒಂದಿಷ್ಟು ಭಾಗ ಹಾರಿಯೇ ಹೋಗಿರುತ್ತದೆ. ಚರ್ಮ, ಮಾಂಸ ಕಿತ್ತು, ಗಾಯದೊಳಗೆ ಮಣ್ಣು, ಬಟ್ಟೆಯ ಚಿಂದಿ ಸೇರಿರುತ್ತದೆ. ಇಂಥ ಕಡೆ ಪ್ಲೇಟು, ರಾಡು ಒಳಗಿಟ್ಟು ಹೊಲಿದರೆ ಕೀವು ತುಂಬುವ ಭಯ ಜಾಸ್ತಿ. ಹಾಗಾಗಿ ಮೂಳೆಯನ್ನು ಹೊರಗಿನಿಂದಲೇ ಹಿಡಿದು ನಿಲ್ಲಿಸಬೇಕು. ಅದಕ್ಕೆ ಕಾಲಿನ ಸುತ್ತ ಹಾಕುವ ಉಂಗುರಗಳ ಚೌಕಟ್ಟೇ ರಿಂಗ್ ಫಿಕ್ಸೇಟರ್.

ಗಾಯವಾದ ದಿನವೇ ಇದನ್ನು ಹಾಕುವುದು ಕಡಿಮೆ. ಮೊದಲು ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ ತೆಗೆದು, ಒಂದೇ ಬದಿಗೆ ಕೂರುವ ಸರಳ ಚೌಕಟ್ಟು ಹಾಕುತ್ತಾರೆ. ಉಂಗುರಗಳ ಸರದಿ ಆಮೇಲೆ.

ಇದರ ಹಿಂದಿನ ಹೆಸರು ಗವ್ರಿಲ್ ಇಲಿಜರೋವ್. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಸೋವಿಯತ್ ಒಕ್ಕೂಟದ ಕುರ್ಗಾನ್ ಪ್ರಾಂತ್ಯಕ್ಕೆ ಬಂದ ವೈದ್ಯ. ಮೂಳೆ ಕೂಡದೆ ನರಳುತ್ತಿದ್ದ ಸೈನಿಕರು ಅಲ್ಲಿ ಬೇಕಾದಷ್ಟು ಜನ ಇದ್ದರು. 1950ರ ದಶಕದ ಆರಂಭದಲ್ಲಿ ಅವರು ಈ ಸಾಧನ ರೂಪಿಸಿದರು. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಬಿಗಿಯಾಗಿ ಎಳೆದ 1.5 ಅಥವಾ 1.8 ಮಿಲಿಮೀಟರ್ ದಪ್ಪದ ತಂತಿಗಳು ಮೂಳೆಯ ಮೂಲಕ ಹಾಯ್ದು ಉಂಗುರಕ್ಕೆ ಕೂರುತ್ತವೆ. ಭಾರವನ್ನು ಚೌಕಟ್ಟು ಹೊರುವುದರಿಂದ ಎಷ್ಟೋ ರೋಗಿಗಳು ಬೇಗನೆ ಕಾಲೂರಬಹುದು.

ಆದರೆ ನಿಜವಾದ ಚಮತ್ಕಾರ ಉಂಗುರಗಳನ್ನು ಜೋಡಿಸುವ ಸರಳುಗಳ ನಟ್ಟಿನಲ್ಲಿದೆ. ಕಾಣೆಯಾದ ಮೂಳೆಯ ಜಾಗ ತುಂಬಬೇಕಲ್ಲ? ಅದಕ್ಕೆ ಚೆನ್ನಾಗಿರುವ ಕಡೆ ಮೂಳೆಯನ್ನು ಬೇಕೆಂದೇ ಕತ್ತರಿಸುತ್ತಾರೆ. ಸುಮಾರು ಒಂದು ವಾರ ಸುಮ್ನೆ ಬಿಡುತ್ತಾರೆ. ಆಮೇಲೆ ದಿನಕ್ಕೆ ನಾಲ್ಕು ಸಲ, ನಾಲ್ಕನೇ ಒಂದು ಸುತ್ತಿನಂತೆ ನಟ್ಟು ತಿರುಗಿಸಬೇಕು. ಪ್ರತಿ ಸಲಕ್ಕೆ 0.25 ಮಿಲಿಮೀಟರ್, ದಿನಕ್ಕೆ ಒಂದು ಮಿಲಿಮೀಟರ್. ಕತ್ತರಿಸಿದ ತುಂಡು ಮೆಲ್ಲಗೆ ಸರಿದು ಖಾಲಿ ಜಾಗದತ್ತ ಹೋಗುತ್ತದೆ, ಅದು ಬಿಟ್ಟುಹೋದ ಕಡೆ ಹೊಸ ಮೂಳೆ ಹುಟ್ಟುತ್ತದೆ. ಅವಸರ ಮಾಡಿದರೆ ಮೂಳೆ ಕೂಡುವುದಿಲ್ಲ. ತೀರಾ ನಿಧಾನವಾದರೆ ನಡುವೆಯೇ ಕೂಡಿಕೊಂಡುಬಿಡುತ್ತದೆ. ಮನೆಗೆ ಹೋದ ಮೇಲೆ ನಟ್ಟು ತಿರುಗಿಸುವ ಕೆಲಸ ಹೆಚ್ಚಾಗಿ ರೋಗಿಯದ್ದೋ ಮನೆಯವರದ್ದೋ ಆಗಿರುತ್ತದೆ. ಎಷ್ಟು ಸುತ್ತು, ಯಾವಾಗ ಅಂತ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

5 ಸೆಂಟಿಮೀಟರ್ ತುಂಬಲು 50 ದಿನ ಎಳೆದರೆ ಮುಗಿಯಿತು ಅಂದುಕೊಳ್ಳಬೇಡಿ. ಹುಟ್ಟಿದ ಮೂಳೆ ಗಟ್ಟಿಯಾಗಲು ಅದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ. ಅಷ್ಟೂ ತಿಂಗಳು ತಂತಿ ಹೊಕ್ಕ ಜಾಗಗಳನ್ನು ಶುಚಿಯಾಗಿಡಬೇಕು. ಅಲ್ಲಿ ಕೆಂಪಾಗುವುದು, ಕೀವು ಬರುವುದು ಮಾಮೂಲಿ ತೊಂದರೆ. ಪಕ್ಕದ ಕೀಲುಗಳೂ ಬಿಗಿಯುತ್ತವೆ, ಹಾಗಾಗಿ ವ್ಯಾಯಾಮ ತಪ್ಪಿಸುವಂತಿಲ್ಲ. ಬೀಡಿ, ಸಿಗರೇಟು ಬಿಡಲೇಬೇಕು, ಮೂಳೆ ಬೆಳೆಯುವುದಕ್ಕೇ ಅದು ಅಡ್ಡಿ.

ಈ ವಿಧಾನ ಪಶ್ಚಿಮ ಯುರೋಪಿಗೆ ತಲುಪಿದ್ದು ತಡವಾಗಿ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಕುರ್ಗಾನ್‌ಗೆ ಹೋಗಿ ಕಾಲು ಸರಿಮಾಡಿಸಿಕೊಂಡು ಬಂದ ಮೇಲೆ, 1981ರಲ್ಲಿ ಇಟಲಿಯ ವೈದ್ಯರು ಇಲಿಜರೋವ್ ಅವರನ್ನೇ ಕರೆಸಿ ಕೇಳಿದರು.

ಚೌಕಟ್ಟು ತೆಗೆಯುವ ಮುನ್ನ ಸಣ್ಣ ಪರೀಕ್ಷೆಯೊಂದಿದೆ. ನಟ್ಟುಗಳನ್ನು ಸಡಿಲಿಸಿ ಕೆಲವು ದಿನ ನಡೆಯಲು ಹೇಳುತ್ತಾರೆ. ನೋವು ಬಂದರೆ ಅಥವಾ ಎಕ್ಸ್‌ರೇಯಲ್ಲಿ ಮೂಳೆ ಬಾಗಿದಂತೆ ಕಂಡರೆ, ಮತ್ತೆ ಬಿಗಿ ಮಾಡಿ ಇನ್ನಷ್ಟು ವಾರ ಕಾಯಿಸುತ್ತಾರೆ.